ಲೇಹ್‌ನಲ್ಲಿ ಒಂದು ನಿರ್ಜಲ ಏಕಾದಶಿ

ಹೆಂಡತಿ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಎಲ್ಲ್ಯಾದ್ರೂ ಹೋಗಿ ಬರ್ರಿ. ಹವಾ ಬದಲಾತು ಅಂದ್ರ ಮನಸ್ಸು ಹಗುರ ಆಗತೈತಿ." ಹೇಳಿದವರಲ್ಲಿ ಅರ್ಧ ಜನ ಮಿರಜ್ ದಾಟಿ ಆಚೆ ಹೋದವರಲ್ಲ. ಮಿರಜ್‌ಗೆ ಹೋಗಿದ್ದೂ ಆಸ್ಪತ್ರೆಗೇ. ಅವರ ಲೆಕ್ಕದಲ್ಲಿ ದುಃಖವೆಂದರೆ ಮುಚ್ಚಿಟ್ಟ ಕೋಣೆಯ ವಾಸನೆ, ಕಿಟಕಿ ತೆಗೆದರೆ ಹೋಗಿಬಿಡುವಂಥದ್ದು. ನಾನು ತಲೆ ಅಲ್ಲಾಡಿಸಿ ಚಹಾ ಕೊಡುತ್ತಿದ್ದೆ. ಅವರು ಬಶಿಗೆ ಸುರಿದುಕೊಂಡು ಕುಡಿದು, ಕಬ್ಬಿನ ದರ ಮಾತಾಡಿ ಎದ್ದು ಹೋಗುತ್ತಿದ್ದರು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು ಮಾತು. "ಒಂದ್ ದಿನಾ ನೋವು ಅಂದಾಕಿ ಅಲ್ರಿ. ಬಂಗಾರದಂಥಾ ಹೆಣ್ಮಗಳು." ಇದನ್ನು ಹೊಗಳಿಕೆ ಎಂದು ಹೇಳುತ್ತಿದ್ದರು. ನೋವು ಅನ್ನಲಿಲ್ಲ, ಅದಕ್ಕೇ ಸತ್ತಳು. ಇಷ್ಟು ಸರಳವಾದದ್ದು ಒಬ್ಬರಿಗೂ ಹೊಳೆಯಲಿಲ್ಲ.

ಅವಳ ತವರು ಐನಾಪುರ. ಪ್ರತಿ ವರ್ಷ ದ್ರಾಕ್ಷಿ ಒಣಹಾಕುವ ಕಾಲಕ್ಕೆ ಅಣ್ಣನ ಮನೆಗೆ ಹೋಗಿ ಕೆಲವು ವಾರ ಶೆಡ್ಡಿನಲ್ಲಿ ದುಡಿದು ಬರುವುದು ಅವಳ ರೂಢಿ. ಬಲೆಯ ಮೇಲೆ ಗೊನೆ ಹರಡುವುದು, ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆದ ಮೇಲೆ ಅದನ್ನು ಕಡ್ಡಿಯಿಂದ ಬಿಡಿಸುವುದು, ಆಳುಗಳಿಗೆ ಅಡುಗೆ ಮಾಡುವುದು. ಆ ವರ್ಷವೂ ಹೋದಳು. ಅಲ್ಲಿಂದಲೇ ಒಂದು ಮಧ್ಯಾಹ್ನ ಜೀಪಿನಲ್ಲಿ ಮಿರಜ್‌ಗೆ ಒಯ್ದರು. ನಾನು ಸತ್ತಿ ಎಂಬ ಹಳ್ಳಿಯ ಹೊಳೆದಂಡೆಯಲ್ಲಿ, ಊರಿಗೆ ನೀರೆತ್ತುವ ಪಂಪ್‌ಹೌಸಿನ ನೌಕರ. ಸುದ್ದಿ ಬಂದು ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆನೋವು ಎಷ್ಟು ದಿನದಿಂದ ಇತ್ತು ಎಂದು ಡಾಕ್ಟರು ಕೇಳಿದರು. ಅವಳ ಅಣ್ಣ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಆ ನೋಟ ನನ್ನೊಳಗೆ ಉಳಿಯಿತು. ಅವಳು ಅಣ್ಣನಿಗೆ ಹೇಳಿರಬೇಕು, ಅಣ್ಣ "ಮಣೂಕ ಇಳಿಯೂತನಕ ತಡಿ" ಅಂದಿರಬೇಕು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ದಿನ ಕಳೆದಂತೆ ಗಟ್ಟಿಯಾಯಿತು. ಕೇಳುವುದು ಹೇಗೆ? ನಾನು ಹೋದರೆ ಚಾಪೆ ಹಾಸಿ, ಮೊದಲು ನನಗೆ ಬಡಿಸಿ, ಹೋಳಿಗೆಯ ಮೇಲೆ ಬೇಡವೆಂದರೂ ತುಪ್ಪ ಸುರಿಯುವ ಮನುಷ್ಯ. ಅವರ ಮನೆಯಲ್ಲಿ ಕುಳಿತು, ಅವರ ಅನ್ನ ಉಣ್ಣುತ್ತ, "ನನ್ನ ಹೆಂಡತೀನ ಸಾಯಾಕ ಬಿಟ್ರೇನು" ಎಂದು ಕೇಳುವ ರೀತಿ ನಮ್ಮಲ್ಲಿಲ್ಲ.

ಅವರನ್ನು ಹೆಂಡತಿ ದಾದಾ ಅನ್ನುತ್ತಿದ್ದಳು, ನಾನೂ ಹಾಗೇ ಅನ್ನುತ್ತಿದ್ದೆ. ಅವರು ನನ್ನನ್ನು ದಾಜಿ ಅನ್ನುತ್ತಿದ್ದರು. ನಮ್ಮ ಗಡಿ ಭಾಗದಲ್ಲಿ ತಂಗಿಯ ಗಂಡನನ್ನು ಹಾಗೆಯೇ ಕರೆಯುವುದು. ದಾದಾ ತುಳಸಿಮಾಲೆ ಹಾಕಿದವರು. ಪ್ರತಿ ಆಷಾಢಕ್ಕೆ ಭಜನೆ ಹಾಡುವ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದುಕೊಂಡು ಹೋಗುವವರು. ಆ ವರ್ಷ ಮಾತ್ರ ಹೋಗುವುದಿಲ್ಲ ಎಂದರು.

"ಆ ಗದ್ದಲದಾಗ ಈ ವರ್ಷ ನಂಗ ಮನಸ್ಸಿಲ್ಲ. ನಮ್ಮ ಮಾಸ್ತರ, ಸಾವಕಾರ ಕೂಡಿ ಲಡಾಖಕ್ಕ ಹೊಂಟಾರ, ಗುಡ್ಡದಾಗ ನಡಿಯೂ ಟ್ರಿಪ್ಪು. ದಾಜಿ, ನೀವೂ ಬರ್ರಿ."

ಮಾಸ್ತರರು ಹೈಸ್ಕೂಲಿನಲ್ಲಿ ಆಟ ಕಲಿಸುವವರು. ಸಾವಕಾರರು ಅಥಣಿಯಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧಿಯ ಅಂಗಡಿ ಇಟ್ಟವರು. ಇಬ್ಬರೂ ನನ್ನ ದುಃಖಕ್ಕೆ ಹಿಮಾಲಯವೇ ಮದ್ದು ಎಂದು ನಂಬಿದ್ದರು. ನಾನು ಒಪ್ಪಿದ್ದು ಬೇರೆ ಕಾರಣಕ್ಕೆ. ವಾರಗಟ್ಟಲೆ ದಾದಾ ಪಕ್ಕದಲ್ಲೇ ನಡೆಯುತ್ತಾರೆ. ಅವರ ಮನೆ ಇರುವುದಿಲ್ಲ, ಅವರ ತಾಟು ಇರುವುದಿಲ್ಲ. ಅಲ್ಲಿ ಕೇಳಬಹುದು.

ತಯಾರಿಯೆಂದರೆ ಒಂದು ನಾಟಕ. ಕೊಲ್ಲಾಪುರದಿಂದ ಬೂಟು ತಂದರು. ಮುಂಜಾನೆ ಹೊಳೆದಂಡೆಯ ಮೇಲೆ ಮಾಸ್ತರರು ಸೀಟಿ ಊದುತ್ತ ಮುಂದೆ, ಸಾವಕಾರರು ಬೆನ್ನ ಚೀಲದಲ್ಲಿ ಜೋಳ ತುಂಬಿಕೊಂಡು ಹಿಂದೆ. ನನ್ನ ಪಂಪ್‌ಹೌಸಿನ ಮುಂದೆಯೇ ಹಾದು ಹೋಗುತ್ತಿದ್ದರು. ಎಮ್ಮೆಗಳು ಕೂಡ ಒಂದು ಸಲ ನೋಡಿ ಮುಖ ತಿರುಗಿಸುತ್ತಿದ್ದವು. ಒಂದು ರವಿವಾರ ಜೋತಿಬಾ ಗುಡ್ಡ ಹತ್ತಿ ಇಳಿದರು. ಕೆಳಗೆ ಕಬ್ಬಿನ ಹಾಲು ಕುಡಿಯುತ್ತ ಸಾವಕಾರರು, "ಇನ್ನ ಹಿಮಾಲಯ ಏನ್ ಮಹಾ, ಇದರ ಅಣ್ಣ" ಎಂದರು.

ದಾದಾ ಯಾವ ತಯಾರಿಯನ್ನೂ ಮಾಡಲಿಲ್ಲ. ಪಂಢರಪುರಕ್ಕೆ ಇಷ್ಟು ವರ್ಷ ನಡೆದವರಿಗೆ ನಡಿಗೆ ಕಲಿಸುವವರು ಯಾರು?

ಮಿರಜ್‌ನಿಂದ ರೈಲಿನಲ್ಲಿ ದಿಲ್ಲಿ, ದಿಲ್ಲಿಯಿಂದ ವಿಮಾನದಲ್ಲಿ ಲೇಹ್. ವಿಮಾನ ಇಳಿದು ನಾಲ್ಕು ಹೆಜ್ಜೆ ಹಾಕುವವರೆಗೆ ಏನೂ ತಿಳಿಯಲಿಲ್ಲ. ವಸತಿಗೃಹದ ಮೆಟ್ಟಿಲ ಮೇಲೆ ಚೀಲ ಎತ್ತಿದಾಗ ತಿಳಿಯಿತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ನಮ್ಮ ಪಂಪು ಗಾಳಿ ಎಳೆಯುತ್ತದೆ. ಮೋಟಾರು ಓಡುತ್ತದೆ, ಸದ್ದು ಜೋರಾಗುತ್ತದೆ, ನೀರು ಬರುವುದಿಲ್ಲ. ನನ್ನ ಎದೆ ಹಾಗೆ ಓಡತೊಡಗಿತು.

ಪುಣೆಯ ಕಂಪನಿಯವರು ಗೊತ್ತು ಮಾಡಿದ ಗೈಡು ಅಲ್ಲಿಯ ಹುಡುಗ. ಹೆಗಲವರೆಗೆ ಕೂದಲು, ಕನ್ನಡಿಯಂಥ ಕಪ್ಪು ಕನ್ನಡಕ. ನಮ್ಮ ಮುಖಗಳೇ ಅದರಲ್ಲಿ ಚಿಕ್ಕದಾಗಿ ಕಾಣುತ್ತಿದ್ದವು. ಅವನಿಗೆ ಬರುತ್ತಿದ್ದುದು ಎರಡೇ ಮಾತು ಎಂಬಂತೆ "ಆರಾಮ್ ಕರೋ, ಪಾನಿ ಪಿಯೋ" ಎನ್ನುತ್ತಿದ್ದ. ಎರಡು ದಿನ ಸುಮ್ಮನೆ ಬಿದ್ದುಕೊಂಡಿರಿ, ಮೈ ಈ ಎತ್ತರಕ್ಕೆ ಹೊಂದಿಕೊಳ್ಳಲಿ, ಮೂರನೆಯ ದಿನ ಹೊರಡೋಣ ಎಂದ.

ನಮ್ಮವರಿಗೆ ಹಗಲಲ್ಲಿ ಮಲಗುವುದೆಂದರೆ ಜಡ್ಡು, ಇಲ್ಲವೇ ಸೋಮಾರಿತನ. ಗೈಡು ಬೆನ್ನು ತಿರುಗಿಸಿದೊಡನೆ ಎದ್ದರು.

"ಮಲಗಾಕ ಇಷ್ಟ್ ದೂರ ಬಂದೀವೇನು?" ಎಂದರು ಮಾಸ್ತರರು. "ಮಕ್ಕೊಳ್ಳೂದು ಊರಾಗೂ ಇತ್ತಲ್ಲ."

ದಾದಾ ನನ್ನ ಕಡೆ ನೋಡಿ ನಕ್ಕರು. "ಈ ಮಾವುಲಿ ನಮ್ಮನ್ನ ಬಾಣಂತಿ ಮಾಡಾಕತ್ತಾನ." ದಿಂಡಿಯಲ್ಲಿ ನಡೆಯುವವರು ಒಬ್ಬರನ್ನೊಬ್ಬರು ಮಾವುಲಿ ಎಂದೇ ಕರೆಯುವುದು, ತಾಯಿ ಎಂದರ್ಥ. ದಾದಾ ಗೈಡಿಗೂ ಅದೇ ಹೆಸರು ಇಟ್ಟಿದ್ದರು. ಅವನು ಓಗೊಡುತ್ತಿದ್ದ.

ಪೇಟೆಗೆ ಹೋದೆವು. ಆ ಊರಿನ ಬಗ್ಗೆ ಜನ ಬಾಯಿ ಬಿಟ್ಟು ಮಾತಾಡುವುದನ್ನು ಕೇಳಿದ್ದೇನೆ. ನನಗೆ ಕಂಡದ್ದು ಬೇರೆ. ಗುಡ್ಡಗಳು ಕಂತ್ರಾಟುದಾರ ಅರ್ಧಕ್ಕೆ ಬಿಟ್ಟು ಓಡಿಹೋದ ಕಲ್ಲಿನ ಖಣಿಗಳಂತಿದ್ದವು. ಎರಡು ಅಂಗಡಿಗೊಂದು ಬ್ರೆಡ್ಡು ಮಾರುವ ಹೋಟೆಲು. ಒಂದರ ಮಹಡಿಯ ಮೇಲೆ ಮನಶ್ಶಾಂತಿ ಸಿಗುತ್ತದೆ ಎಂದು ಹಿಂದಿಯಲ್ಲಿ ಬೋರ್ಡು ಹಾಕಿದ್ದರು. ಅಲ್ಲಿ ಬೆಳ್ಳಗಿನ ಜನ ಕಣ್ಣು ಮುಚ್ಚಿ ಸಾಲಾಗಿ ಕುಳಿತಿದ್ದರು, ಅವರ ಬೆನ್ನ ಹಿಂದೆ ಜನರೇಟರು ಡಬಡಬ ಬಡಿದುಕೊಳ್ಳುತ್ತಿತ್ತು. ನನ್ನನ್ನು ಸಮಾಧಾನ ಮಾಡಲು ಬಂದಿದ್ದ ಊರಿನ ಮಂದಿಯೆಲ್ಲ ಇಲ್ಲಿಗೇ ಬಂದು ಬೇರೆ ವೇಷ ಹಾಕಿ ಕುಳಿತಂತೆ ಅನ್ನಿಸಿತು.

ಸಾವಕಾರರು ಅಲ್ಲಿಯ ಜರ್ದಾಳು ಹಣ್ಣು ಮಾರುವ ಮುದುಕಿಯನ್ನು ಹಿಡಿದುಕೊಂಡು, "ಇದಕ್ಕ ಏನ್ ಹೊಡೀತೀರಿ?" ಎಂದು ಕೈಯಲ್ಲಿ ಪಂಪು ಹೊಡೆದು ತೋರಿಸಿದರು. ಮುದುಕಿ ಏನೂ ಹೊಡೆಯುವುದಿಲ್ಲ ಎಂದು ಕೈ ಆಡಿಸಿದಳು. "ಸುಳ್ಳ ಹೇಳ್ತಾಳ," ಎಂದು ನನಗೆ ಹೇಳಿ, ಹಣ್ಣು ತಿಂದು, ಕಾಲು ಕಿಲೋ ಕೊಂಡರು. ಫೋಟೋ ತೆಗೆದು ಊರಿನ ಗೆಳೆಯರಿಗೆ ಕಳಿಸಲು ನೋಡಿದರೆ ನಮ್ಮ ಕಡೆಯ ಪ್ರೀಪೇಡ್ ಸಿಮ್ಮು ಅಲ್ಲಿ ನಡೆಯುವುದೇ ಇಲ್ಲ. ಆ ದಿನದ ದುಃಖಗಳಲ್ಲಿ ಅದೇ ದೊಡ್ಡದಾಯಿತು. ನನ್ನದು ಹಿಂದೆ ಬಿತ್ತು.

ಹಳೆಯ ಅರಮನೆಗೆ ಹೋಗುವ ಮೆಟ್ಟಿಲು ಹತ್ತಿದರು. ದಾದಾ ಎಲ್ಲರಿಗಿಂತ ಮುಂದೆ. ಅರ್ಧಕ್ಕೆ ನಿಂತು ಗೋಡೆಗೆ ಕೈಕೊಟ್ಟು ಊರು ನೋಡುವವರಂತೆ ನಿಂತರು. ಊರು ನೋಡುತ್ತಿರಲಿಲ್ಲ, ಅವರ ಕಣ್ಣು ಮುಚ್ಚಿತ್ತು.

ಮರುದಿನ ಆಷಾಢ ಏಕಾದಶಿ. ಪಂಢರಪುರಕ್ಕೆ ಹೋಗಲಾಗಲಿಲ್ಲ, ಅದಕ್ಕಾಗಿ ಈ ಸಲ ನಿರ್ಜಲ ಮಾಡುತ್ತೇನೆ, ನೀರೂ ಮುಟ್ಟುವುದಿಲ್ಲ ಎಂದು ದಾದಾ ಮುಂಜಾನೆ ಎದ್ದೊಡನೆ ಹೇಳಿದರು. ಗೈಡು ಎಲ್ಲರ ಕೈಗೂ ನೀರಿನ ಬಾಟಲಿ ಕೊಟ್ಟು ಹೋಗಿದ್ದ. ದಾದಾ ತಮ್ಮ ಬಾಟಲಿಯನ್ನು ಕಿಟಕಿಯಲ್ಲಿದ್ದ ಹೂವಿನ ಕುಂಡಕ್ಕೆ ಸುರಿದರು.

"ದಾದಾ, ನೀರಾದ್ರೂ ಕುಡೀರಿ," ಎಂದೆ. "ಇದು ನಮ್ಮ ಊರಲ್ಲ."

"ವಿಠ್ಠಲ ಇಲ್ಲಿ ಇಲ್ಲೇನ್ರಿ ದಾಜಿ? ನಮ್ಮಪ್ಪ ಸಾಯೂ ವರ್ಷಾನೂ ನಿರ್ಜಲ ಮಾಡ್ಯಾನ."

ಆ ಮನೆಯ ದೊಡ್ಡಸ್ತಿಕೆ ಇದು. ದಿಂಡಿಯ ಹಿಂದೆ ಪಾತ್ರೆ, ಹಾಸಿಗೆ ಹೊತ್ತ ಒಂದು ಟ್ರಕ್ಕು ಬರುತ್ತದೆ. ಕಾಲು ನೋಯುತ್ತದೆ ಅಂದವರನ್ನು ಅದರ ಮೇಲೆ ಹತ್ತಿಸುತ್ತಾರೆ. ಹತ್ತಿದವನನ್ನು ಮುಂದಿನ ಆಷಾಢದವರೆಗೆ ಚಹಾದಂಗಡಿಯಲ್ಲಿ "ಟ್ರಕ್ಕಿನ್ಯಾಗಿಂದ ಪಾಂಡುರಂಗ ಹೆಂಗ ಕಂಡ್ನೋ ಮಾವುಲಿ?" ಎಂದು ಕೇಳುತ್ತಾರೆ. ದಾದಾ ಒಮ್ಮೆಯೂ ಹತ್ತಿದವರಲ್ಲ. ಒಂದು ವರ್ಷ ಹಿಮ್ಮಡಿ ಸೀಳಿ ರಕ್ತ ಸುರಿಯುತ್ತಿದ್ದರೂ ಅರಿವೆ ಸುತ್ತಿಕೊಂಡು ನಡೆದರಂತೆ. ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಹೆಂಡತಿ, ಮದುವೆಯಾದ ಹೊಸತರಲ್ಲಿ. ಹೇಳುವಾಗ ಅವಳ ಮುಖ ಅರಳಿತ್ತು. ಆಗ ನಾನೂ ಭಲೆ ಎಂದಿದ್ದೆ. ಈಗ ಅದನ್ನು ನೆನೆದರೆ ಉಗುಳಬೇಕೆನ್ನಿಸುತ್ತದೆ. ಆ ಮನೆಯಲ್ಲಿ ಹುಟ್ಟಿದವರಿಗೆ ನೋವು ನುಂಗುವುದನ್ನು ಕಲಿಸಿದರು. ನೀರಡಿಕೆಯಾದರೆ ನೀರು ಕೇಳುವಷ್ಟು ಸಾದಾ ಬುದ್ಧಿಯನ್ನು ಯಾರೂ ಕಲಿಸಲಿಲ್ಲ.

ಸಂಜೆ ಗೈಡು ಬಂದು ಒಬ್ಬೊಬ್ಬರನ್ನೇ ಕೇಳಿದ: ತಲೆನೋವು ಇದೆಯೇ, ಊಟ ಸೇರಿತೇ, ನಿದ್ದೆ ಬಂತೇ? ಮಾಸ್ತರರು ಸ್ವಲ್ಪ ತಲೆ ಹಿಡಿದಿದೆ ಎಂದು ಒಪ್ಪಿಕೊಂಡು ಒಂದು ಗುಳಿಗೆ ಇಸಿದುಕೊಂಡರು. ದಾದಾ ಅವರನ್ನು ತಾತ್ಸಾರದಿಂದ ನೋಡಿ, "ಸಬ್ ಠೀಕ್, ಮಾವುಲಿ," ಎಂದರು. ಗೈಡು ಕನ್ನಡಕ ತೆಗೆಯದೆಯೇ ತಲೆಯಾಡಿಸಿ ಹೋದ. ಹೇಳಿದ್ದನ್ನು ನಂಬುವುದು ಅವನ ಕೆಲಸವಾಗಿತ್ತೇನೋ.

ಅಂಗಳದ ಮರದ ಕೆಳಗೆ ನಾವಿಬ್ಬರೇ ಉಳಿದೆವು. ಇದೇ ಹೊತ್ತು ಎಂದುಕೊಂಡೆ.

"ದಾದಾ, ಒಂದ್ ಮಾತು ಕೇಳೂದೈತಿ."

ಅವರು ಮುಷ್ಟಿಯಿಂದ ಹಣೆ ಒತ್ತಿಕೊಂಡಿದ್ದರು. "ನಾಳಿಗೆ ಕೇಳ್ರಿ. ದಾರ್ಯಾಗ."

ತುಟಿ ಒಡೆದಿತ್ತು. ಮಾತಾಡುವಾಗ ನಾಲಿಗೆ ಅಂಟುತ್ತಿತ್ತು. ಆ ಮುಖದಲ್ಲಿ ಮೂಗು, ಹುಬ್ಬು ಎಲ್ಲ ಅವಳದೇ. ನಾನು ಎದ್ದು ಒಳಗೆ ಹೋದೆ.

ಮೂರನೆಯ ದಿನ ಮುಂಜಾನೆ ನಡಿಗೆ ಶುರುವಾಗುವ ಜಾಗಕ್ಕೆ ಒಯ್ಯಲು ಎರಡು ಜೀಪು ಬಂದವು. ದ್ವಾದಶಿಯ ಪಾರಣೆ ಎಂದು ದಾದಾ ಚಹಾ ಕುಡಿದರು. ಕುಡಿದು ಗೋಡೆಯ ಹಿಂದೆ ಹೋದರು. ನಾನೂ ಹಿಂದೆ ಹೋದೆ. ವಾಂತಿ ಮಾಡಿಕೊಂಡು ಅದರ ಮೇಲೆ ಕಾಲಿನಿಂದ ಮಣ್ಣು ಎಳೆಯುತ್ತಿದ್ದರು, ಬೆಕ್ಕು ಮಾಡಿದ ಹಾಗೆ.

"ಪಿತ್ತ," ಎಂದರು. "ಏನಿಲ್ಲ. ಯಾರ ಮುಂದೂ ಅನ್ನಬ್ಯಾಡ್ರಿ."

ಬಂದು ಕಟ್ಟೆಯ ಮೇಲೆ ಕುಳಿತು ಬೂಟಿನ ಲೇಸು ಕಟ್ಟಲು ನೋಡಿದರು. ಬೆರಳುಗಳು ದಾರವನ್ನು ಹುಡುಕುತ್ತಿದ್ದವು, ಸಿಗುತ್ತಿರಲಿಲ್ಲ. ಎದ್ದು ಜೀಪಿನ ಕಡೆ ಹೊರಟವರು ಬಲಕ್ಕೆ ವಾಲಿ, ಸರಿಪಡಿಸಿಕೊಂಡು, ಮತ್ತೆ ಬಲಕ್ಕೆ ವಾಲಿದರು.

ಸಾವಕಾರರಿಗೆ ಕುಣಿಯುವಷ್ಟು ಸಂತೋಷ. "ಏ, ನೋಡ್ರಲೇ! ಮಾಳಕರಿ ಮುಂಜಾನೆನ ಹಾಕ್ಯಾನ! ದಾದಾ, ಯಾವ ಅಂಗಡ್ಯಾಗಿಂದ್ರೀ?"

ತುಳಸಿಮಾಲೆ ಹಾಕಿದವನಿಗೆ ಕುಡಿದಿದ್ದಾನೆ ಅನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ದಾದಾ ಸಿಟ್ಟಿಗೇಳಲಿಲ್ಲ. ಮಾತು ತಲುಪಿದಂತೆಯೇ ಕಾಣಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಗೈಡು ಜೀಪಿನ ಮೇಲೆ ಚೀಲ ಬಿಗಿಯುತ್ತಿದ್ದ. ನನ್ನ ಹಿಂದಿ ರೈಲು ನಿಲ್ದಾಣದ ಹಿಂದಿ. "ಉಸ್ಕೋ ಚಕ್ಕರ್ ಹೈ," ಎಂದೆ. "ಉಲ್ಟೀ ಭೀ ಕಿಯಾ. ಕಲ್ ಸೇ ಪಾನಿ ನಹೀ ಪಿಯಾ. ಝೂಟ್ ಬೋಲಾ." ತಲೆಸುತ್ತು, ವಾಂತಿ, ನೀರು ಮುಟ್ಟದ್ದು, ನಿನ್ನೆಯ ಸುಳ್ಳು, ಎಲ್ಲ ಹೇಳಿಬಿಟ್ಟೆ.

ಅವನು ಕೆಳಗಿಳಿದು ಕನ್ನಡಕ ತೆಗೆದ. ಅವನಿಗೂ ಕಣ್ಣುಗಳಿದ್ದವು ಎಂದು ಆಗ ಕಂಡಿತು. ಅಂಗಳದ ಹಾಸುಗಲ್ಲುಗಳ ನಡುವಿನ ಗೆರೆ ತೋರಿಸಿ, ಅದರ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲು ದಾದಾಗೆ ಹೇಳಿದ. ಪಂಢರಪುರದವರೆಗೆ ನಡೆಯುತ್ತಿದ್ದ ಮನುಷ್ಯ ಮೂರನೆಯ ಹೆಜ್ಜೆಗೆ ಪಕ್ಕಕ್ಕೆ ಕುಸಿದರು. ಗೈಡು ಹಿಡಿದುಕೊಂಡ. ಸಾವಕಾರರ ನಗು ಅಲ್ಲಿಗೇ ನಿಂತಿತು.

"ಹಾಸ್ಪಿಟಲ್," ಎಂದ ಗೈಡು. "ಅಭೀ."

ದಾದಾ ನನ್ನ ಕಡೆ ತಿರುಗಿದರು. "ದಾಜಿ, ನೀವು ಚಾಡಿ ಹೇಳಿದ್ರೇನ್ರಿ? ನಿಮ್ಮ ಸಲುವಾಗಿ ಬಂದೀನಿ ನಾ. ನಿಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ."

"ನನ್ನ ಸಮಾಧಾನ ಹಾಳಾಗಿ ಹೋಗ್ಲಿ," ಎಂದೆ. ಅಷ್ಟು ಜೋರಾಗಿ ನಾನು ಎಂದೂ ಅವರಿಗೆ ಮಾತಾಡಿರಲಿಲ್ಲ. "ನಿಮ್ಮ ಮನ್ಯಾಗ ಇನ್ನೊಬ್ಬರು ಏನಿಲ್ಲ ಏನಿಲ್ಲ ಅಂತ ಸಾಯೂದನ್ನ ನಾ ನೋಡೂದಿಲ್ಲ. ಏಳ್ರಿ."

ಮಾಸ್ತರರು ಕೆಮ್ಮಿದರು. ಬಳಿಕ ನನ್ನನ್ನು ಪಕ್ಕಕ್ಕೆ ಕರೆದು, ದುಡ್ಡು ಕಟ್ಟಿಯಾಗಿದೆ, ನಾವಿಬ್ಬರು ಹೋದರೆ ನಿಮಗೆ ಬೇಜಾರಿಲ್ಲವಷ್ಟೆ, ಎಂದು ಕೇಳಿದರು. ಇಲ್ಲ ಎಂದೆ. ನನ್ನ ಮನಸ್ಸು ಹಗುರ ಮಾಡಲು ಹೊರಟವರು ಇನ್ನೊಬ್ಬ ಗೈಡಿನ ಜೊತೆ ಒಂದು ಜೀಪು ಹತ್ತಿ ಹೋದರು. ಅವರು ಹೋದದ್ದೇ ಆ ಪ್ರವಾಸದಲ್ಲಿ ನನಗೆ ಸಿಕ್ಕ ಮೊದಲ ಹಗುರ.

ಆಸ್ಪತ್ರೆಯಲ್ಲಿ ದಾದಾರ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದರು, ಸೂಜಿ ಚುಚ್ಚಿದರು, ಸಲಾಯಿನ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರ ಕಣ್ಣಿಗೆ ನೋಟ ಮರಳಿತು. ಮಿದುಳಿಗೆ ಬಾವು ಬರುತ್ತಿತ್ತು, ಇನ್ನೂ ಎತ್ತರಕ್ಕೆ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ಆಮೇಲೆ ದಾದಾರನ್ನು ಕೇಳಿದರು, ತಲೆನೋವು ಯಾವಾಗಿನಿಂದ? ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಪಿತ್ತ ಅನ್ನುತ್ತಾರೆ ಎಂದು ಕಾಯುತ್ತಿದ್ದೆ.

"ವಿಮಾನ ಇಳಿದಾಗಿನಿಂದ," ಎಂದರು.

ನಾನು ಹಿಂದಿಗೆ ತಿರುಗಿಸಿದೆ. ಡಾಕ್ಟರರಿಗೆ ಅಷ್ಟು ಸಾಕಾಗಿತ್ತು. ದಾದಾ ನಿಲ್ಲಿಸಲಿಲ್ಲ.

"ಮೊಣಕಾಲು ಹ್ವಾದ ವರ್ಷದ ದಿಂಡಿಯಿಂದ ನೋಯಾಕತ್ತೈತಿ, ಅದ್ನೂ ಹೇಳ್ರಿ. ಎಡಗಡೆ ದವಡಿ ಹಲ್ಲು. ಮತ್ತ ಹೊಟ್ಟಿ ಉರೀತೈತಿ. ಮೂಲವ್ಯಾಧಿ ಐತಿ, ಯಾರಿಗೂ ಗೊತ್ತಿಲ್ಲ. ನಿದ್ದಿ ಇಲ್ಲ ದಾಜಿ. ಆಕೀ ಹ್ವಾದಾಗಿಂದ ನಿದ್ದಿನ ಇಲ್ಲ."

ಮೂಲವ್ಯಾಧಿಗೆ ಹಿಂದಿಯಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಡಾಕ್ಟರು ಪಕ್ಕದ ಮಂಚಕ್ಕೆ ಹೋಗಿಬಿಟ್ಟಿದ್ದರು. ದಾದಾ ಗೋಡೆಯ ಕಡೆ ಮುಖ ತಿರುಗಿಸಿ ಕೇಳಿದರು.

"ಆಕೀ ನಿಮ್ಮ ಮುಂದ ಏನೂ ಅಂದಿರಲಿಲ್ಲೇನ್ರಿ?"

"ಇಲ್ಲ."

"ಖರೇ ಹೇಳ್ರಿ. ಫೋನ್‌ನ್ಯಾಗ ಅಂದಿರಬೇಕು, ನೀವು ಡ್ಯೂಟಿ ಬಿಟ್ಟು ಬರಲಿಲ್ಲ ಅಂತ ತಿಳಕೊಂಡಿದ್ದೆ ನಾ. ಅದ್ನ ಕೇಳಾಕಂತನ ನಿಮ್ಮನ್ನ ಕರ್ಕೊಂಡ್ ಬಂದೆ. ಮನ್ಯಾಗ ಹೆಂಗ ಕೇಳಲಿ? ನೀವು ಮನಿಗೆ ಅಳಿಯ ಆದವರು."

ನನಗೆ ನಗು ಬಂತು. ಕೆಟ್ಟ ನಗು. ಪಕ್ಕದ ಮಂಚದವರು ತಿರುಗಿ ನೋಡಿದರು. "ನಾ ತಿಳಕೊಂಡಿದ್ದೆ, ನಿಮ್ಮ ಮುಂದ ಅಂದಾಳ, ನೀವು ಮಣೂಕ ಇಳೀಲಿ ಅಂದ್ರಿ ಅಂತ."

ದಾದಾ ಇಲ್ಲವೆಂದು ತಲೆ ಅಲ್ಲಾಡಿಸಿದರು. "ನಂಗ ಸುಸ್ತ್ ಅಂದಿದ್ಲು. ಸುಸ್ತ್ ಅಷ್ಟ. ಜೀಪಿನ್ಯಾಗ ಹಾಕೂ ಮುಂದ ಎದಿ ಹಿಡ್ಕೊಂಡ್ಳು. ಆಗ ಗೊತ್ತಾತು."

ಇಬ್ಬರಿಗೂ ಹೇಳಿರಲಿಲ್ಲ. ಅಷ್ಟು ತಿಂಗಳು ನಾವಿಬ್ಬರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಕೊಲೆಗಾರನನ್ನು ಹುಡುಕುತ್ತಿದ್ದೆವು, ಎದುರು ಬಂದಾಗ ತುಪ್ಪ ಬಡಿಸುತ್ತಿದ್ದೆವು. ನಮ್ಮಿಬ್ಬರ ಮೇಲೆ ಬಂದ ಹೇಸಿಗೆ ಒಂದು ಕಡೆಗಿರಲಿ. ಸತ್ತ ಮೇಲೆ ಮೊದಲ ಸಲ ನನಗೆ ಅವಳ ಮೇಲೆ ಸಿಟ್ಟು ಬಂತು. ನನ್ನನ್ನು ಅಷ್ಟು ದೂರದವನೆಂದು ಲೆಕ್ಕ ಹಾಕಿದಳೇ? ಫೋನು ಇತ್ತು, ಬಸ್ಸು ಇತ್ತು, ಒಂದು ಮಾತು ಸಾಕಾಗುತ್ತಿತ್ತು. ಬಂಗಾರದಂಥ ಹೆಣ್ಣುಮಗಳಂತೆ. ಬಂಗಾರವನ್ನು ಏನು ಮಾಡಲಿ ನಾನು?

ದಾದಾ ಅಳುತ್ತಿದ್ದರು. ನಳಿಗೆಯ ಕೆಳಗೆ ಮೂಗು ಸೋರಿ ಗಡ್ಡಕ್ಕೆ ಇಳಿದಿತ್ತು. ಒರೆಸಿದೆ. ನೀರು ಕೊಟ್ಟೆ, ಕುಡಿದರು. ಇನ್ನೊಂದು ಲೋಟ ಕೇಳಿದರು, ಅದನ್ನೂ ಕುಡಿದರು.

ದಾದಾರ ಮೈ ಪಯಣ ತಡೆದುಕೊಳ್ಳುವಂತಾದ ಕೂಡಲೇ ವಿಮಾನದಲ್ಲಿ ದಿಲ್ಲಿಗೆ ಇಳಿದು, ರೈಲು ಹಿಡಿದು ಮನೆಗೆ ಬಂದೆವು. ಮಾಸ್ತರರು, ಸಾವಕಾರರು ಆಮೇಲೆ ಬಂದು ಫೋಟೋ ತೋರಿಸಿದರು. ಪ್ರತಿಯೊಂದರಲ್ಲೂ ಕಲ್ಲಿತ್ತು, ಕಲ್ಲಿನ ಮುಂದೆ ಸಾವಕಾರರಿದ್ದರು. ಅಲ್ಲಿ ನಿಂತಾಗ ನಾವು ಎಷ್ಟು ಸಣ್ಣವರು ಎಂದು ತಿಳಿಯಿತು ಎಂದರು. ಅದಕ್ಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಮುಂದಿನ ವರ್ಷ ದಾದಾ ಮತ್ತೆ ದಿಂಡಿಗೆ ಹೋದರು. ಹಾದಿಯಲ್ಲಿ ಮೊಣಕಾಲು ಹಿಡಿದಾಗ ನನಗೆ ಫೋನು ಮಾಡಿದರು. ನಡೆದರೋ ಟ್ರಕ್ಕು ಹತ್ತಿದರೋ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅದು ಚಟವೇ ಆಗಿದೆ. ನೆಗಡಿಯಾದರೆ ಫೋನು, ಹೊಟ್ಟೆ ಉಬ್ಬರಿಸಿದರೆ ಫೋನು, ಕಾಲಿಗೆ ಮುಳ್ಳು ಚುಚ್ಚಿದರೆ ಯಾವ ಕಾಲು, ಎಷ್ಟು ಆಳ ಎಂಬುದೂ ಸೇರಿ ಫೋನು. ಇಷ್ಟು ಗೊಣಗುವ ಗಂಡಸನ್ನು ನಾನು ಐನಾಪುರದಲ್ಲಾಗಲಿ ಅಥಣಿಯಲ್ಲಾಗಲಿ ಕಂಡಿಲ್ಲ. ಮೊನ್ನೆ ಪಂಪು ಚಾಲೂ ಮಾಡುವ ಹೊತ್ತಿಗೇ ಹಲ್ಲಿನ ಪುರಾಣ ತೆಗೆದರು. ಮೋಟಾರಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಬಾಗಿಲು ದಾಟಿ ಹೊರಗೆ ಬಂದು, ಹೊಳೆಯ ಕಡೆ ಮುಖ ಮಾಡಿ ನಿಂತು, ಮತ್ತೆ ಮೊದಲಿನಿಂದ ಹೇಳಿ ಎಂದೆ.